ಅಡುಗೆಮನೆಯ ಕೆಳಗಿನ ಕೋಣೆ

ಅಪ್ಪ ಗಣಿಯಲ್ಲಿ ಕೆಲಸ ಮಾಡುತ್ತಿದ್ದ ಎಂದು ತಿಳಿದ ಕೂಡಲೇ ಜನರ ಮುಖ ಸಪ್ಪಗಾಗುತ್ತದೆ. ‘ಅಯ್ಯೋ ಪಾಪ’ ಎಂದು ಲೊಚಗುಟ್ಟುತ್ತಾರೆ. ಕತ್ತಲು, ಧೂಳು, ಕೆಮ್ಮು, ಅಪಘಾತ ಎಂದು ತಾವೇ ಒಂದು ಕತೆ ಕಟ್ಟಿಕೊಂಡು, ಇನ್ನು ಅಳುವುದೊಂದೇ ಬಾಕಿ ಎಂಬ ಹಾಗೆ ಕೂರುತ್ತಾರೆ. ಇದನ್ನು ಕಂಡರೆ ದೊಡ್ಡವಳಿಗೆ ಮೈಯೆಲ್ಲ ಉರಿಯುತ್ತದೆ. ಆ ಮನೆಯ ಐದು ಮಕ್ಕಳಲ್ಲಿ ಮೊದಲನೆಯವಳಾದ್ದರಿಂದ ಅವಳನ್ನು ದೊಡ್ಡವಳು ಎಂದೇ ಕರೆಯುತ್ತಿದ್ದರು. ಈಗ ಅವಳಿಗೇ ಮೊಮ್ಮಕ್ಕಳಿದ್ದಾರೆ, ಆದರೂ ಆ ಹೆಸರು ಹೋಗಿಲ್ಲ. ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದವು. ತುಂಬು ವಯಸ್ಸಿನಲ್ಲಿ, ಮಧ್ಯಾಹ್ನ ಊಟ ಮುಗಿಸಿ, ಹೊಟ್ಟೆ ತುಂಬಿತು ಎಂದು ಹೇಳಿ ಮಲಗಿದವನು ಏಳಲಿಲ್ಲ. ಅಳಬೇಕಾದಷ್ಟು ಅತ್ತು ಆಗಿದೆ. ಹಾಗಾಗಿ ಯಾರಾದರೂ ಅಪ್ಪನ ವಿಷಯ ಕೇಳಿದರೆ ಅವಳು ಗಣಿಯಿಂದ ಶುರು ಮಾಡುವುದಿಲ್ಲ. ಅಪ್ಪ ಅಡುಗೆಮನೆಯ ಚಪ್ಪಡಿ ಕಿತ್ತ ದಿನದಿಂದ ಶುರು ಮಾಡುತ್ತಾಳೆ.

ಅದಕ್ಕೆ ಮೊದಲು ಅವನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ಕಲ್ಲಿದ್ದಲು ಅಗೆದು ತೆಗೆದ ಜಾಗದಲ್ಲಿ ತಲೆಯ ಮೇಲಿನ ಬಂಡೆ ಕುಸಿಯದ ಹಾಗೆ ಮರದ ಕಂಬ ನಿಲ್ಲಿಸುವವನು ಅವನು. ಅಗೆಯುವವರು ಮುಂದೆ ಹೋದಂತೆಲ್ಲ ಇವನು ಅವರ ಬೆನ್ನಿಗೇ ಮರ ಅಳೆದು, ಕೊಯ್ದು, ನಿಲ್ಲಿಸಿ, ಮೇಲೆ ಬೆಣೆ ಬಡಿದು ಬಿಗಿ ಮಾಡುತ್ತ ಹೋಗಬೇಕು. ಪಾಳಿ ಮುಗಿಸಿ ಬಂದಾಗ ಕಣ್ಣು ಹಲ್ಲು ಬಿಟ್ಟು ಮಿಕ್ಕದ್ದೆಲ್ಲ ಕಪ್ಪು. ಅಮ್ಮ ಹಿತ್ತಲಿನಲ್ಲಿ ಬಿಸಿನೀರು ಕಾಯಿಸಿಟ್ಟಿರುತ್ತಿದ್ದಳು. ಎಷ್ಟು ತಿಕ್ಕಿ ತೊಳೆದರೂ ರೆಪ್ಪೆಯ ಬುಡದ ಮಸಿ ಮಾತ್ರ ಹೋಗುತ್ತಿರಲಿಲ್ಲ. ‘ಅಪ್ಪ ಕಾಡಿಗೆ ಹಚ್ಕೊಂಡು ಬಂದಿದಾನೆ’ ಎಂದು ಹುಡುಗಿಯರು ಛೇಡಿಸಿದರೆ, ಅವನು ಕಣ್ಣು ಪಿಳಿಪಿಳಿ ಮಾಡಿ ಮದುವಣಗಿತ್ತಿಯ ಹಾಗೆ ನಾಚಿ ತೋರಿಸುತ್ತಿದ್ದ. ಊಟದ ಡಬ್ಬಿಯಲ್ಲಿ ಒಂದು ತುತ್ತನ್ನು ಬೇಕೆಂದೇ ಉಳಿಸಿ ತರುತ್ತಿದ್ದ. ಬೆಳಿಗ್ಗೆ ತಾವೇ ಉಂಡ ಊಟದ್ದೇ ತುತ್ತು ಅದು. ಆದರೂ ನೆಲದಡಿಗೆ ಹೋಗಿ ಬಂದದ್ದಕ್ಕೆ ರುಚಿಯೇ ಬೇರೆ ಎಂದು ಮೂವರು ಹುಡುಗಿಯರೂ ಕಿತ್ತಾಡುತ್ತಿದ್ದರು. ‘ನಾನು ಬಿಸಿಬಿಸಿಯಾಗಿ ಬಡಿಸಿದ್ದಕ್ಕೆ ಮೂತಿ ತಿರುವ್ತಾವೆ, ಅಲ್ಲಿಂದ ತಣ್ಣಗಾಗಿ ಬಂದದ್ದಕ್ಕೆ ಯುದ್ಧ ಮಾಡ್ತಾವೆ’ ಎಂದು ಅಮ್ಮ ಗೊಣಗುತ್ತಿದ್ದಳು.

ಮನೆ ಗಣಿಯವರು ಕೊಟ್ಟದ್ದು. ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು, ಎರಡು ಮನೆಗೆ ನಡುವೆ ಒಂದೇ ಗೋಡೆ. ಒಂದು ಕೋಣೆ, ಒಂದು ಅಡುಗೆಮನೆ, ಇಳಿಜಾರಿನಲ್ಲಿ ಒಂದು ಹಿತ್ತಲು, ಅಷ್ಟೇ. ಹಾಸಿಗೆ ಹಾಸಿದ ಮೇಲೆ ಕಾಲಿಡಲು ಜಾಗವಿರುತ್ತಿರಲಿಲ್ಲ. ನೀರು ಕುಡಿಯಲು ಎದ್ದವರು ಯಾರದಾದರೂ ಕೈಯನ್ನೋ ಜಡೆಯನ್ನೋ ತುಳಿದು ಬೈಸಿಕೊಳ್ಳುವುದು ನಿತ್ಯದ ಮಾತಾಗಿತ್ತು. ಮೂರು ಹೆಣ್ಣುಮಕ್ಕಳವರೆಗೆ ಹೇಗೋ ನಡೆಯಿತು. ಆಮೇಲೆ ಅಮ್ಮ ಮತ್ತೆ ಬಸುರಿಯಾದಳು, ಹುಟ್ಟಿದ್ದು ಅವಳಿ ಗಂಡುಮಕ್ಕಳು. ಸೂಲಗಿತ್ತಿ ಹೊರಗೆ ಬಂದು ‘ಇನ್ನೊಂದಿದೆ’ ಎಂದಾಗ ಅಪ್ಪ ಮೊದಲು ಸಂತೋಷದಿಂದ ಕುಣಿದ, ಆಮೇಲೆ ಗೋಡೆಗಳನ್ನು ನೋಡುತ್ತ ನಿಂತ.

ಅವಳಿಗಳನ್ನು ನೋಡಲು ಅಪ್ಪನ ಅಕ್ಕ ಬಂದಳು. ಮಕ್ಕಳಿಗೆ ಸೋದರತ್ತೆ. ದೂರದ ಪಟ್ಟಣದಲ್ಲಿ ದೊಡ್ಡ ಮನೆ, ಮಕ್ಕಳಿಲ್ಲ. ಕೆಟ್ಟವಳಲ್ಲ, ಆದರೆ ಮಾತಿಗೆ ಸುತ್ತುಬಳಸು ಗೊತ್ತಿಲ್ಲದವಳು. ಒಂದು ದಿನ ಇದ್ದು ನೋಡಿದಳು, ಮರುದಿನ ಬೆಳಿಗ್ಗೆ ನೇರ ಹೇಳಿದಳು.

‘ದೊಡ್ಡವಳನ್ನ ನನ್ನ ಜೊತೆ ಕಳಿಸು ತಮ್ಮ. ನನ್ನ ಮನೇಲಿ ಓದ್ತಾಳೆ, ಬೆಳೀತಾಳೆ. ಇಲ್ಲಿ ಈ ಹುಡುಗಿಗೆ ಕಾಲು ಚಾಚೋಕೂ ಜಾಗ ಇಲ್ಲ.’

ಎರಡು ಕಂಕುಳಲ್ಲಿ ಎರಡು ಕೂಸು ಇಟ್ಟುಕೊಂಡ ಅಮ್ಮನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಅಪ್ಪ ‘ನೋಡೋಣ’ ಎಂದ. ಅತ್ತೆ ಅದನ್ನು ಒಪ್ಪಿಗೆ ಎಂದೇ ತೆಗೆದುಕೊಂಡು, ಶಾಲೆಗೆ ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೊರಟಳು. ಹನ್ನೊಂದು ವರ್ಷದ ದೊಡ್ಡವಳು ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಅಂದಿನಿಂದ ಅವಳು ರಾತ್ರಿ ಮಲಗುವಾಗ ಆದಷ್ಟು ಮುದುಡಿಕೊಳ್ಳತೊಡಗಿದಳು, ತಾನು ಜಾಗ ಹಿಡಿಯುವುದೇ ಇಲ್ಲ ಎಂದು ಎಲ್ಲರಿಗೂ ಕಾಣಲಿ ಎಂದು. ಯಾರು ಕಂಡರೋ ಇಲ್ಲವೋ, ಅಪ್ಪ ಕಂಡ.

ಮುಂದಿನ ರಜೆಯ ದಿನ ಅವನು ಅಡುಗೆಮನೆಗೆ ಹಾರೆ ತಂದು, ನೆಲದ ಕಲ್ಲುಚಪ್ಪಡಿಯೊಂದನ್ನು ಮೀಟಿ ಎಬ್ಬಿಸಿದ.

‘ರೀ, ಏನ್ ಮಾಡ್ತಿದೀರಿ?’ ಅಮ್ಮ ಕೇಳಿದಳು.

‘ಕೋಣೆ.’

‘ಎಲ್ಲಿ?’

‘ಇಲ್ಲೇ. ನೀನು ನಿಂತಿದೀಯಲ್ಲ, ಅದರ ಕೆಳಗೆ. ಗೋಡೆ ಒಡೀಬಾರದು ಅಂತಾರೆ ಗಣಿಯವರು, ಸೂರು ಎತ್ತರಿಸಬಾರದು ಅಂತಾರೆ, ಹಿತ್ತಲಲ್ಲಿ ಕಟ್ಟಬಾರದು ಅಂತಾರೆ. ಕೆಳಗೆ ಹೋಗಬಾರದು ಅಂತ ಯಾರೂ ಹೇಳಿಲ್ಲ.’

ಬೇರೆ ಯಾವ ಹೆಂಡತಿಯಾದರೂ ತಲೆ ಕೆಟ್ಟಿದೆಯೇ ಎಂದು ಕೇಳುತ್ತಿದ್ದಳು. ಅಮ್ಮ ನೆಲವನ್ನೆಲ್ಲ ಒಮ್ಮೆ ನೋಡಿ, ‘ಹಾಗಾದ್ರೆ ಒಲೆ ಪಕ್ಕ ಬೇಡ, ಆ ಮೂಲೇಲಿ ಇಳೀರಿ. ನನಗೆ ಓಡಾಡೋಕೆ ಜಾಗ ಬೇಕು’ ಎಂದಳು. ದೊಡ್ಡವಳಿಗೆ ಅಪ್ಪ ಅಮ್ಮ ಇಬ್ಬರನ್ನೂ ಒಟ್ಟಿಗೇ ತಬ್ಬಿಕೊಳ್ಳಬೇಕು ಅನ್ನಿಸಿತು. ಅವಳು ಮಾಡಿದ್ದೇನೆಂದರೆ ಬುಟ್ಟಿ ತಂದದ್ದು.

ಚಪ್ಪಡಿಯ ಕೆಳಗೆ ಮಣ್ಣು, ಅದರ ಕೆಳಗೆ ಹಾರೆಗೆ ಸುಲಭವಾಗಿ ಬಗ್ಗುವ ಮೆತ್ತನೆಯ ಕಲ್ಲು. ತೋಡುತ್ತ ಹೋದಂತೆ ಅಪ್ಪ ಚಪ್ಪಡಿಗಳಿಗೆ ಅಡಿಯಿಂದ ತೊಲೆ ಕೊಟ್ಟು ಕಂಬ ನಿಲ್ಲಿಸುತ್ತಿದ್ದ. ಗಣಿಯಲ್ಲಿ ಮಿಕ್ಕ ಮರದ ತುಂಡುಗಳನ್ನು ಒಲೆಗೆಂದು ಮನೆಗೆ ಒಯ್ಯಲು ಕೆಲಸಗಾರರಿಗೆ ಬಿಡುತ್ತಿದ್ದರು. ಆ ಬೇಸಿಗೆಯಲ್ಲಿ ನಮ್ಮ ಮನೆಯ ಸೌದೆಯೆಲ್ಲ ನೆಲದಡಿಗೆ ಹೋಗಿ, ಅಮ್ಮ ಒಣಗಿದ ಎಲೆ ಉರಿಸಿ ಅಡುಗೆ ಮಾಡುತ್ತಿದ್ದಳು ಎಂದು ದೊಡ್ಡವಳು ಇಂದಿಗೂ ಹೇಳುತ್ತಾಳೆ. ತಲೆನೋವಾದದ್ದು ಮಣ್ಣು. ಅಷ್ಟೊಂದನ್ನು ಯಾರ ಕಣ್ಣಿಗೂ ಬೀಳದ ಹಾಗೆ ಎಲ್ಲಿ ಸುರಿಯುವುದು? ಅರ್ಧದಷ್ಟು ಹಿತ್ತಲಿನ ತರಕಾರಿ ಮಡಿಗೆ ಹೋಯಿತು. ಮಡಿ ಏರಿ ಏರಿ, ಕೊನೆಗೆ ಅಮ್ಮ ಬಗ್ಗದೆಯೇ ನಿಂತು ಬದನೆಕಾಯಿ ಕೀಳುವಂತಾಯಿತು. ಉಳಿದದ್ದನ್ನು ಅಪ್ಪ ಊಟದ ಡಬ್ಬಿಯ ಜೊತೆ ಇನ್ನೊಂದು ಚೀಲದಲ್ಲಿ ತುಂಬಿ ಗಣಿಗೇ ಒಯ್ದು, ಅಲ್ಲಿನ ಕಸಮಣ್ಣಿನ ಗುಡ್ಡೆಗೆ ಚೆಲ್ಲಿ ಬರುತ್ತಿದ್ದ. ಗೇಟಿನ ಕಾವಲುಗಾರ ಹೊರಗೆ ಬರುವವರ ಚೀಲ ಬಿಚ್ಚಿಸಿ ನೋಡುತ್ತಿದ್ದನೇ ಹೊರತು ಒಳಗೆ ಹೋಗುವವರನ್ನು ಕೇಳುತ್ತಿರಲಿಲ್ಲ. ಗಣಿಯಿಂದ ಕದ್ದವರು ಬೇಕಾದಷ್ಟು ಜನರಿದ್ದಾರು, ಗಣಿಗೆ ಕದ್ದು ಮಣ್ಣು ಸಾಗಿಸಿದವನು ನಮ್ಮಪ್ಪ ಒಬ್ಬನೇ ಎಂದು ದೊಡ್ಡವಳಿಗೆ ಹೆಮ್ಮೆ.

ಒಬ್ಬನ ಕೈಲಿ ಇದು ರಜೆ ಮುಗಿಯುವುದರೊಳಗೆ ಆಗುವ ಕೆಲಸವಲ್ಲ ಎಂದು ಬೇಗ ಗೊತ್ತಾಯಿತು. ಅಪ್ಪ ಗಣಿಯ ಇಬ್ಬರು ಗೆಳೆಯರಿಗೆ ಗುಟ್ಟು ಹೇಳಿದ. ಒಬ್ಬ ಉದ್ದಣ್ಣ, ಹೆಸರಿಗೆ ತಕ್ಕ ಹಾಗೆ ಉದ್ದ. ಇನ್ನೊಬ್ಬನನ್ನು ಎಲ್ಲರೂ ಮೌನಿ ಎನ್ನುತ್ತಿದ್ದರು, ಯಾಕೆಂದರೆ ಅವನು ಬಾಯಿ ಮುಚ್ಚಿದ್ದನ್ನು ಹುಟ್ಟಿದಾಗಿನಿಂದ ಯಾರೂ ಕಂಡಿರಲಿಲ್ಲ. ಮೂವರಿಗೂ ಬೇರೆ ಬೇರೆ ಪಾಳಿ ಇದ್ದುದರಿಂದ ಒಬ್ಬ ಹೋದ ಮೇಲೆ ಇನ್ನೊಬ್ಬ ಬಂದು ಇಳಿಯುತ್ತಿದ್ದ. ನಮ್ಮ ಅಡುಗೆಮನೆಯಲ್ಲೂ ಗಣಿಯ ಹಾಗೆ ಪಾಳಿ ಬದಲಾಗುತ್ತಿತ್ತು ಎಂದು ಅಮ್ಮ ನಗುತ್ತಿದ್ದಳು.

ಇಲ್ಲಿಯೇ ಎಡವಟ್ಟಾದದ್ದು. ಪಕ್ಕದ ಮನೆಯಲ್ಲಿದ್ದವರು ಮೇಸ್ತ್ರಿ. ಗಣಿಯಲ್ಲಿ ದಿನವೂ ಎಲ್ಲರಿಗಿಂತ ಮೊದಲು ಇಳಿದು, ಕೋಲಿನಿಂದ ತಲೆಯ ಮೇಲಿನ ಬಂಡೆ ತಟ್ಟಿ, ಗಟ್ಟಿಯಿದೆ ಎಂದು ಅವರು ಹೇಳಿದ ಮೇಲೆಯೇ ಯಾರಾದರೂ ಅಲ್ಲಿ ಕೆಲಸಕ್ಕೆ ನಿಲ್ಲುತ್ತಿದ್ದದ್ದು. ನಗುವುದನ್ನು ಯಾವ ಕಾಲದಲ್ಲೋ ಮರೆತ ಮನುಷ್ಯ. ಮನೆಗೆ ಒಂದು ಮೊಳೆ ಹೆಚ್ಚಿಗೆ ಹೊಡೆದರೂ ಮೇಲಿನವರಿಗೆ ಹೇಳುತ್ತಾರೆ ಎಂದು ಇಡೀ ಸಾಲಿಗೆ ಅವರ ಭಯ. ಅವರ ಬಾಯಿಂದ ಒಂದು ಮಾತು ಹೊರಟರೆ ಅಪ್ಪನ ಕೆಲಸವೂ ಹೋಗುತ್ತಿತ್ತು, ಮನೆಯೂ ಹೋಗುತ್ತಿತ್ತು. ಆದ್ದರಿಂದ ಅಪ್ಪ ಅವರ ಮನೆಯ ಕಡೆಯ ಮಣ್ಣಿನ ಗೋಡೆಯ ಮೇಲೆ ಸುಣ್ಣದಲ್ಲಿ ದಪ್ಪ ಗೆರೆ ಎಳೆದು, ಇಲ್ಲಿಂದಾಚೆ ಒಂದು ಹಾರೆ ಏಟೂ ಬೀಳಬಾರದು ಎಂದು ಇಬ್ಬರಿಗೂ ಹೇಳಿದ್ದ.

ಮೌನಿ ಒಂದು ದಿನ ಕೆಲಸ ನಿಲ್ಲಿಸಿ, ಆ ಗೋಡೆಗೆ ಒರಗಿ ನಿಂತು, ಮೇಲಿದ್ದ ಅಮ್ಮನಿಗೆ ತನ್ನ ನಾದಿನಿಯ ಮದುವೆಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಹೇಳುವಾಗ ಕೈ ಆಡಿಸಿದ, ಮೈ ಕುಲುಕಿಸಿ ನಕ್ಕ. ಕತೆ ಮುಗಿದಾಗ ಗೆರೆ ಗೋಡೆಯ ಮೇಲಿರಲಿಲ್ಲ, ಅವನ ಅಂಗಿಯ ಬೆನ್ನಿನ ಮೇಲಿತ್ತು. ಮರುದಿನ ಬಂದ ಉದ್ದಣ್ಣನಿಗೆ ಗೆರೆ ಕಾಣಲಿಲ್ಲ. ಎದುರಿಗೆ ಅಗೆಯಬಲ್ಲ ಗೋಡೆ ಕಂಡರೆ ಅದನ್ನು ಹಿಂದಕ್ಕೆ ತಳ್ಳುತ್ತಲೇ ಬೆಳೆದ ಮನುಷ್ಯ ಅವನು. ತಳ್ಳಿದ. ಅವನ ನಂತರ ಬಂದ ಮೌನಿ ಇನ್ನಷ್ಟು ತಳ್ಳಿದ. ಅಪ್ಪನಿಗೆ ಆ ವಾರ ಎರಡೆರಡು ಪಾಳಿ ಬಿದ್ದು ಕೆಳಗೆ ಇಳಿಯಲು ಆಗಿರಲಿಲ್ಲ. ಹುಡುಗಿಯರು ಮಾತ್ರ ಮಣ್ಣು ಹೊತ್ತೂ ಹೊತ್ತೂ, ಕೋಣೆ ಎಷ್ಟು ದೊಡ್ಡದಾಗುತ್ತಿದೆ ಎಂದು ಖುಷಿಪಡುತ್ತಿದ್ದರು.

ಅತ್ತೆ ಬಂದದ್ದು ಭಾನುವಾರ ಮಧ್ಯಾಹ್ನ, ಹೇಳಿದ್ದಕ್ಕಿಂತ ಮೊದಲೇ. ದೊಡ್ಡವಳಿಗೆಂದು ಹೊಸ ಬಟ್ಟೆ, ಹೊಸ ಚಪ್ಪಲಿ ತಂದಿದ್ದಳು. ಕೆಳಗೆ ಉದ್ದಣ್ಣನೂ ಮೌನಿಯೂ ಕೊನೆಯ ಕೆಲಸದಲ್ಲಿದ್ದರು. ಅಪ್ಪ ಅತ್ತೆಯನ್ನು ಕೂರಿಸಿ, ‘ಅಕ್ಕ, ಇವಳು ಬರೋದಿಲ್ಲ. ಇವಳಿಗೆ ಜಾಗ ಆಗಿದೆ’ ಎಂದ. ಎಲ್ಲಿ ಎಂದು ಅವಳು ಕೇಳುವಷ್ಟರಲ್ಲಿ ಪಕ್ಕದ ಮನೆಯಲ್ಲಿ ಧಡ್ ಎಂದು ಸದ್ದಾಯಿತು. ಮೇಸ್ತ್ರಿಯ ಹೆಂಡತಿ ತುಂಬಿದ ಕೊಡವನ್ನು ತನ್ನ ಅಡುಗೆಮನೆಯಲ್ಲಿ ಇಳಿಸಿದ್ದೇ ತಡ, ಚಪ್ಪಡಿ ಓರೆಯಾಗಿ ಕೊಡ ನೆಲದೊಳಗೆ ಜಾರಿ ಹೋಗಿತ್ತು. ಕೊಡದ ನೀರು ಪೂರಾ ಮೌನಿಯ ತಲೆಯ ಮೇಲೆ ಬಿತ್ತು. ಅಷ್ಟು ದೊಡ್ಡ ಬಾಯಿ ಅಂದು ಮೊದಲ ಸಲ ಮುಚ್ಚಿತು.

ಮೇಸ್ತ್ರಿಯ ಹೆಂಡತಿ ತೂತಿನೊಳಗೆ ಬಗ್ಗಿ ನೋಡಿದರು. ಕೆಳಗೆ ದೀಪ, ದೀಪದ ಬೆಳಕಿನಲ್ಲಿ ಒಂದು ಒದ್ದೆ ತಲೆ. ಅವರು ಕೂಗಲಿಲ್ಲ, ಓಡಲಿಲ್ಲ. ಎಷ್ಟಾದರೂ ಗಣಿಯವರ ಹೆಂಡತಿ. ‘ನಮ್ಮ ಅಡುಗೆಮನೆಗೆ ಬರೋರು ಬೂಟು ಬಿಚ್ಚಿ ಬನ್ನಿ’ ಎಂದರು, ಆಮೇಲೆ ಒಳಗೆ ಮಲಗಿದ್ದ ಗಂಡನನ್ನು ಎಬ್ಬಿಸಿದರು.

ಅಪ್ಪ ಒಂದೇ ನೆಗೆತಕ್ಕೆ ಕೆಳಗಿಳಿದ. ಅವನ ಹಿಂದೆ ದೊಡ್ಡವಳು, ಅವಳ ಹಿಂದೆ ಒಳ್ಳೆಯ ಬಟ್ಟೆಯನ್ನು ಮೇಲೆತ್ತಿ ಹಿಡಿದುಕೊಂಡು ಅತ್ತೆ. ಆ ಕಡೆಯ ತೂತಿನಿಂದ ಮೇಸ್ತ್ರಿ ಇಳಿದರು. ಕೆಲಸ ಹೋಯಿತು, ಮನೆ ಹೋಯಿತು, ತನ್ನಿಂದಲೇ ಎಲ್ಲ ಹೋಯಿತು ಎಂದು ದೊಡ್ಡವಳು ಕೈಯಲ್ಲಿದ್ದ ಬುಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಮೇಸ್ತ್ರಿ ಕೈಗೆ ಸಿಕ್ಕಿದ ಹಾರೆಯ ತುದಿಯಿಂದ ತಲೆಯ ಮೇಲಿನ ಸೂರನ್ನು ತಟ್ಟಿದರು. ಕಿವಿ ಕೊಟ್ಟು ಕೇಳಿದರು. ಎರಡು ಹೆಜ್ಜೆ ಮುಂದೆ ಬಂದು ಮತ್ತೆ ತಟ್ಟಿದರು. ಕಂಬಗಳನ್ನು ಒಂದೊಂದಾಗಿ ಅಲುಗಿಸಿ ನೋಡಿದರು.

‘ಈ ಕಂಬ ಯಾರು ಕೊಟ್ಟದ್ದು?’

‘ನಾನೇ ಮೇಸ್ತ್ರಿಗಳೇ’ ಎಂದ ಅಪ್ಪ.

‘ಇದು?’

‘ಅದೂ ನಾನೇ.’

‘ನಮ್ಮನೆ ಕೆಳಗಿಂದು?’

‘ಅದು ಉದ್ದಣ್ಣ.’

‘ಗೊತ್ತಾಯ್ತು. ಅದಕ್ಕೇ ಕೊಡ ಕೆಳಗೆ ಬಂತು.’

ಅತ್ತೆಗೆ ಈ ಮನುಷ್ಯ ಯಾರು, ಅವನಿಗೆ ಎಲ್ಲರೂ ಯಾಕೆ ಹೆದರುತ್ತಾರೆ ಒಂದೂ ಗೊತ್ತಿರಲಿಲ್ಲ. ಅವಳು ನೇರ ಅವರ ಮುಂದೆ ಹೋಗಿ ನಿಂತಳು. ‘ನೋಡಿ, ನೀವು ತಿಳಿದವರ ಹಾಗೆ ಕಾಣ್ತೀರಿ. ನನ್ನ ತಮ್ಮ ಮಗಳನ್ನ ಈ ಬಿಲದಲ್ಲಿ ಮಲಗಿಸ್ತಾನಂತೆ. ನಾನು ನನ್ನ ಮನೆಗೆ ಕರ್ಕೊಂಡು ಹೋಗ್ತೀನಿ ಅಂತ ಬಂದಿದೀನಿ. ನೀವೇ ಹೇಳಿ, ಇದು ಮಗು ತಲೆ ಮೇಲೆ ಬೀಳಲ್ವಾ?’

ಬೀಳುತ್ತದೆ ಎಂದರೆ ದೊಡ್ಡವಳು ಅಂದೇ ಗಾಡಿ ಹತ್ತಬೇಕು. ಬೀಳುವುದಿಲ್ಲ ಎಂದರೆ ಮೇಸ್ತ್ರಿಯೇ ಒಪ್ಪಿಕೊಂಡ ಹಾಗೆ, ಆಮೇಲೆ ಯಾರ ಹತ್ತಿರ ದೂರು ಹೇಳುತ್ತಾರೆ? ಅದು ಮೇಸ್ತ್ರಿಗೂ ಗೊತ್ತಿತ್ತು. ಅವರು ದೊಡ್ಡವಳ ಕಡೆ ನೋಡಿದರು. ಅವಳ ಕೈಯಲ್ಲಿ ಮಣ್ಣಿನ ಬುಟ್ಟಿ ಇನ್ನೂ ಹಾಗೇ ಇತ್ತು.

‘ನೋಡಿಯಮ್ಮ’ ಎಂದರು ಮೇಸ್ತ್ರಿ, ‘ನಾನು ತಟ್ಟಿ ನೋಡಿ ಸರಿ ಅಂದ ಸೂರು ಇವತ್ತಿನವರೆಗೆ ಬಿದ್ದಿಲ್ಲ.’

‘ಇದು ಸರಿ ಅಂತೀರಾ?’

‘ಈಗ ಅನ್ನಲ್ಲ. ಇಲ್ಲೊಂದು ಕಂಬ ಬೇಕು, ಅಲ್ಲೊಂದು ಬೇಕು. ನಿಮ್ಮ ತಮ್ಮ ನಿಲ್ಲಿಸಲಿ. ಆಮೇಲೆ ಅಂತೀನಿ.’

ಅಪ್ಪ ಕುಣಿಯುವುದೊಂದು ಬಾಕಿ. ಅಲ್ಲೇ ಮರ ಅಳೆದ, ಅಲ್ಲೇ ಕೊಯ್ದ. ಕಂಬ ನೆಟ್ಟಗೆ ಹಿಡಿಯಲು ಜನ ಸಾಲದೆ ಮೇಸ್ತ್ರಿ ಅಂಗಿಯ ತೋಳು ಮಡಿಸಿ ತಾವೇ ಹಿಡಿದರು. ಬೆಣೆ ಬಿಗಿಯಾದ ಮೇಲೆ ಮತ್ತೊಮ್ಮೆ ತಟ್ಟಿ, ಗಣಿಯಲ್ಲಿ ಹೇಳುವ ಹಾಗೆಯೇ ಗಟ್ಟಿಯಾಗಿ ‘ಸರಿ ಇದೆ’ ಎಂದರು. ಮೇಲಿನಿಂದ ಅವರ ಹೆಂಡತಿ, ‘ನಮ್ಮ ಕೆಳಗೆ ಬಂದಿರೋ ಜಾಗ ನನಗೇ ಬಿಡಿ, ಆಲೂಗಡ್ಡೆ ಇಡ್ತೀನಿ. ನನ್ನ ಕೊಡ ಕೊಡಿ ಮೊದಲು’ ಎಂದರು. ಅಷ್ಟು ಹೊತ್ತಿಗೆ ಮೌನಿಗೆ ಮತ್ತೆ ಬಾಯಿ ಬಂದು, ಕೊಡ ಹೇಗೆ ಬಿತ್ತು ಎಂದು ಅಲ್ಲೇ ಇದ್ದು ನೋಡಿದವರಿಗೇ ವಿವರಿಸತೊಡಗಿದ್ದ.

ಅತ್ತೆ ದೊಡ್ಡವಳನ್ನು ಪಕ್ಕಕ್ಕೆ ಎಳೆದುಕೊಂಡಳು. ‘ಯಾರೂ ನಿನ್ನ ಕೇಳೇ ಇಲ್ಲ. ನಾನೂ ಕೇಳಲಿಲ್ಲ. ಹೇಳು, ಎಲ್ಲಿರ್ತೀಯ?’

‘ಇಲ್ಲೇ ಅತ್ತೆ.’

ಅತ್ತೆಗೆ ನೋವಾಯಿತು, ಅದು ಮುಖದಲ್ಲಿ ಕಾಣಿಸಿತು. ಆಸೆ ಇಟ್ಟುಕೊಂಡು ಬಂದವಳು. ಆದರೂ ಹೊಸ ಬಟ್ಟೆ, ಹೊಸ ಚಪ್ಪಲಿ ವಾಪಸು ಒಯ್ಯಲಿಲ್ಲ. ಆ ರಾತ್ರಿ ಅದೇ ಬಿಲದಲ್ಲಿ ದೊಡ್ಡವಳ ಪಕ್ಕ ಮಲಗಿ ಗೊರಕೆ ಹೊಡೆದಳು, ಬೆಳಿಗ್ಗೆ ಎದ್ದು ಇಷ್ಟು ತಂಪಾದ ಕೋಣೆ ತನ್ನ ಮನೆಯಲ್ಲೂ ಇಲ್ಲ ಎಂದು ಹೊಗಳಿದಳು. ಆಮೇಲೆ ಪ್ರತಿ ಬೇಸಿಗೆಯೂ ಬರುತ್ತಿದ್ದಳು. ಬಂದರೆ ಹೋಗುವ ಮಾತೇ ಎತ್ತುತ್ತಿರಲಿಲ್ಲ.

ಆ ಕೋಣೆಯಲ್ಲಿ ಐದು ಮಕ್ಕಳೂ ಓದಿದರು, ಜಗಳವಾಡಿದರು, ಕದ್ದು ತಿಂದರು. ಇಳಿಜಾರಿನ ಕಡೆಗೆ ಅಪ್ಪ ಒಂದು ಕಿಟಕಿ ತೆರೆದು, ಬೆಳಿಗ್ಗೆಯ ಬಿಸಿಲು ಒಳಗೆ ಬರುವ ಹಾಗೆ ಮಾಡಿದ. ಹುಡುಗಿಯರು ಒಬ್ಬೊಬ್ಬರಾಗಿ ಮದುವೆಯಾಗಿ ಹೋದರು, ಅವಳಿಗಳು ಕೆಲಸ ಹಿಡಿದು ಹೋದರು. ಇಡೀ ಗಣಿಯಲ್ಲಿ ಅಪ್ಪನಿಗೆ ಹೆಗ್ಗಣ ಎಂಬ ಹೆಸರು ನಿಂತಿತು, ಯಾಕೆಂದು ಮೇಲಿನವರಿಗೆ ಮಾತ್ರ ಯಾರೂ ಹೇಳಲಿಲ್ಲ. ಬೇರೆಯವರಾಗಿದ್ದರೆ ಹೊಡೆದಾಟವಾಗುತ್ತಿತ್ತು, ಅವನು ಮಾತ್ರ ಸನ್ಮಾನ ಸಿಕ್ಕಿದ ಹಾಗೆ ತಿರುಗುತ್ತಿದ್ದ.

ಅವನಿಗೆ ನಿವೃತ್ತಿಯಾದಾಗ ಮನೆ ಬಿಡಬೇಕಾಯಿತು, ಕೊಟ್ಟಾಗ ಹೇಗಿತ್ತೋ ಹಾಗೆಯೇ. ಕೋಣೆ ಮುಚ್ಚಲು ಐದೂ ಮಕ್ಕಳು ಸಂಸಾರ ಸಮೇತ ಬಂದರು. ಅಳಿಯಂದಿರು, ಸೊಸೆಯಂದಿರು, ಮೊಮ್ಮಕ್ಕಳು, ಎಲ್ಲರ ಕೈಯಲ್ಲೂ ಬುಟ್ಟಿ. ಹಿತ್ತಲಿನ ಮಡಿಯನ್ನೆಲ್ಲ ಕಡಿದು, ಸಾಲದ್ದನ್ನು ಇಳಿಜಾರಿನಿಂದ ಅಗೆದು ತಂದು ಮತ್ತೆ ಕೆಳಗೆ ಸುರಿದರು. ಅದು ದುಃಖದ ದಿನವಾಗಬೇಕಿತ್ತು, ಆದರೆ ಮೈಯೆಲ್ಲ ಮಣ್ಣು ಮಾಡಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಇಳಿಯುವ ಮೆಟ್ಟಿಲಿನ ಹತ್ತಿರ ಇಬ್ಬರು ಕೂರುವಷ್ಟು ಜಾಗ ಮಾತ್ರ ಉಳಿದಾಗ ಊಟಕ್ಕೆ ಎದ್ದರು. ಅಪ್ಪ ಬರಲಿಲ್ಲ. ದೊಡ್ಡವಳು ಕರೆಯಲು ಇಳಿದಳು.

‘ಅಪ್ಪ, ಬಾ. ಎಲ್ಲರೂ ಕಾಯ್ತಿದಾರೆ.’

‘ತಾಳು. ಕೂತ್ಕೊ. ಮಾತಾಡಬೇಡ.’

ಅವನು ತಲೆ ಎತ್ತಿ ಚಪ್ಪಡಿಗಳ ಕಡೆ ನೋಡುತ್ತಿದ್ದ. ಮೇಲೆ ಯಾರೋ ಸರಸರ ನಡೆದು ಹೋದರು.

‘ನಿಮ್ಮಮ್ಮ’ ಎಂದ. ಹೆಜ್ಜೆ ಬಾಗಿಲು ದಾಟಿದ ಮೇಲೆ, ‘ಅಲ್ಲಿ ಗಣಿಯಲ್ಲಿ ತಲೆ ಮೇಲೆ ಬರೀ ಬಂಡೆ. ನೀವೆಲ್ಲ ಎಲ್ಲಿದೀರಿ, ಏನ್ ಮಾಡ್ತಿದೀರಿ, ಒಂದೂ ಕೇಳಿಸ್ತಿರಲಿಲ್ಲ. ನನಗೆ ದಿನಾ ಭಯ ಆಗೋದು ಮಗಳೇ. ಇಳಿದ ದಿನವೆಲ್ಲ ಆಗೋದು. ಇಲ್ಲಿ ಮಾತ್ರ, ಕೆಳಗೆ ಇಳಿದರೂ ನೀವು ಓಡಾಡೋದು ಕೇಳಿಸ್ತಿತ್ತು’ ಎಂದ.

ಪಾಳಿಯಿಂದ ಬಂದು ಅವನು ಆ ಕೋಣೆಯಲ್ಲಿ ಅಡ್ಡಾಗುತ್ತಿದ್ದುದನ್ನು ಅವಳು ತಂಪಿಗೆ ಎಂದುಕೊಂಡಿದ್ದಳು. ಭಯ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಅವಳು ಅಂದೇ ಮೊದಲು ಕೇಳಿದ್ದು. ಅವಳು ಎದ್ದು ಮೇಲೆ ಹತ್ತಿ ಬಂದಳು. ತಟ್ಟೆಯ ಮುಂದೆ ಕೂತಿದ್ದವರನ್ನೆಲ್ಲ ಎಬ್ಬಿಸಿದಳು.

‘ನಡೀರಿ’ ಎಂದಳು. ‘ಅಡುಗೆಮನೇಲಿ ಒಬ್ಬೊಬ್ಬರೇ ನಡೀರಿ. ಅಪ್ಪ ಕೇಳ್ತಿದಾನೆ.’

ಯಾಕೆ ಎಂದು ಯಾರೂ ಕೇಳಲಿಲ್ಲ. ಎರಡನೆಯವಳು ಒಲೆಯಿಂದ ಬಾಗಿಲವರೆಗೆ ನಡೆದಳು. ಕೆಳಗಿನಿಂದ ಅಪ್ಪ ‘ಎರಡನೆಯವಳು’ ಎಂದ. ಮೂರನೆಯವಳು ನಡೆದಳು, ಅವಳನ್ನೂ ಗುರುತಿಸಿದ. ಅವಳಿಗಳಿಬ್ಬರೂ ಅವನನ್ನು ಏಮಾರಿಸಲು ಒಟ್ಟಿಗೇ ಹೆಜ್ಜೆ ಹಾಕಿದರು. ‘ಒಬ್ಬೊಬ್ಬರೇ ಬನ್ನಿ ಕಳ್ಳರಾ’ ಎಂಬ ಬೈಗುಳ ಕೇಳಿಸಿತು. ಮೊಮ್ಮಕ್ಕಳು ಧಡಧಡ ಕುಣಿದರು, ಅಮ್ಮ ಬೈಯುತ್ತ ಅವರ ಹಿಂದೆ ಓಡಿದಳು. ಮನೆಯೆಲ್ಲ ನಗೆ. ದೊಡ್ಡವಳು ಮಾತ್ರ ಹೊಸ್ತಿಲಿನಲ್ಲಿ ನಿಂತೇ ಇದ್ದಳು.

‘ಎಲ್ಲಾ ಸರಿ’ ಎಂದಿತು ಕೆಳಗಿನ ದನಿ. ‘ದೊಡ್ಡವಳೆಲ್ಲಿ? ಅವಳ ಸದ್ದೇ ಇಲ್ಲ.’

ಅವಳು ಕಣ್ಣೊರೆಸಿಕೊಂಡು ಹೊಸ್ತಿಲು ದಾಟಿ, ಅಡುಗೆಮನೆಯ ಉದ್ದಕ್ಕೂ ಗಟ್ಟಿಯಾಗಿ ಹೆಜ್ಜೆ ಇಟ್ಟು ನಡೆದಳು.

‘ಹಾಂ, ಇದ್ದಾಳೆ’ ಎಂದ ಅಪ್ಪ. ‘ಬಡಿಸಿ, ಬಂದೆ.’